ಕೊನೆಯ ಬೆಂಚಿನಿಂದ

ಆನ್‌ಲೈನ್ ಎಂ.ಇಡಿ. ಸೇರುವ ಶಿಕ್ಷಕರಿಗೆಲ್ಲ ಮೊದಲ ಪಾಠ ಒಂದೇ: ತಾವು ಹಿಂದೆ ಮಾಡಿದ ಒಂದು ತರಗತಿಗೆ ಹೋಗಿ, ಮಕ್ಕಳ ನಡುವೆ ಕೂತು ಬರಬೇಕು. ಮಾತಾಡುವಂತಿಲ್ಲ.

ಗದಗದ ಗಣಿತ ಶಿಕ್ಷಕಿ, ನಲವತ್ತನಾಲ್ಕರ ವಿಶಾಲಾಕ್ಷಿ ಹೊಂಬಳ, ಭಾನುವಾರ ಬೆಳಿಗ್ಗೆ ಕುಕ್ಕರ್ ಇಳಿಸಿ, ಹಳೆಯ ತರಗತಿಯೊಳಗೆ ಕೂರಿಸುವ, ಕಾಲೇಜು ಕಳಿಸಿದ ಕನ್ನಡಕ ಹಾಕಿಕೊಂಡರು. ಸಿಕ್ಕಿದ್ದು ತಾವು ಈಗಲೂ ಕಲಿಸುವ ಶಾಲೆಯ, ಹದಿನೆಂಟು ವರ್ಷ ಹಿಂದಿನ ಐದನೇ ತರಗತಿ. ಕೊನೆಯ ಬೆಂಚು, ಅಂದಿನ ವಿದ್ಯಾರ್ಥಿನಿ ರತ್ನವ್ವನ ಪಕ್ಕ.

ಮುಂದೆ ಇಪ್ಪತ್ತಾರರ ವಿಶಾಲಾಕ್ಷಿ ಭಿನ್ನರಾಶಿ ಬರೆಯುತ್ತಿದ್ದರು. ಕಿಟಕಿಯ ಬಿಸಿಲಿಗೆ ಬೋರ್ಡಿನ ಎಡ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಆ ಅರ್ಧದಲ್ಲಿ ಒಂದು ಅಂಕಿಯೂ ಕಾಣಲಿಲ್ಲ. ರತ್ನವ್ವ ಕಂಡಷ್ಟನ್ನು ಬರೆದುಕೊಂಡಳು.

"ಅರ್ಧಾ ಲೆಕ್ಕ ಬರದು ಉಳಿದದ್ದು ನಿಮ್ಮವ್ವಗ ಇಟ್ಟೀಯೇನು?" ಎಂದರು ಆ ಎಳೆಯ ಶಿಕ್ಷಕಿ. ತರಗತಿ ನಕ್ಕಿತು. ಅದೇ ವರ್ಷ ರತ್ನವ್ವ ಶಾಲೆ ಬಿಟ್ಟಿದ್ದಳು.

ಫೋನ್ ಮಾಡುವುದು ಪಾಠದ ಭಾಗವಲ್ಲ. ಆದರೂ ವಿಶಾಲಾಕ್ಷಿ, ಈಗ ಬೆಟಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅವಳ ನಂಬರು ಹುಡುಕಿದರು.

"ನಿನಗ ಬೋರ್ಡ್ ಕಾಣತಿದ್ದಿಲ್ಲವ್ವಾ. ನಾ ಇವತ್ತ ನಿನ್ನ ಬಾಜೂಕ ಕುಂತಿದ್ದೆ. ತಪ್ಪು ನಂದು."

ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಕ್ಕೋರ, ಆ ಕಿಟಕಿ ಇನ್ನೂ ಹಂಗ ಐತೇನ್ರಿ?"

"ಐತವ್ವಾ."

"ಅಳತಿ ತಗೊಂಡು ಹೇಳ್ರಿ. ಪರದೆ ಹೊಲದು ಕೊಡ್ತೀನಿ."