ದಿಲ್ಲಿಯಿಂದ ಅಳೆದ ಮುಳ್ಳು

ಹಳೆಯ ರೇಡಿಯೋದ ಚರ್ಮದ ಕವರಿನ ವಾಸನೆ ಇಂದಿಗೂ ನನ್ನನ್ನು ಖಾನಾಪುರದ ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ. ಇಸವಿಯನ್ನು ಖಚಿತಪಡಿಸಬಲ್ಲವರು ಯಾರೂ ಉಳಿದಿಲ್ಲ. ನಾನಾಗ ಮೂರನೆಯ ಇಯತ್ತೆಯಲ್ಲಿದ್ದುದರಿಂದ ಎಪ್ಪತ್ತರ ದಶಕದ ನಡುಭಾಗವೆಂದು ಊಹಿಸಬಹುದು.

ಬೆಳಗಾವಿಯಲ್ಲಿ ರಿಪೇರಿಯಾಗಿ ಬಂದಿದ್ದ ರೇಡಿಯೋದಲ್ಲಿ ಕೇಂದ್ರದ ಅಂಕಿ ತೋರಿಸುವ ಮುಳ್ಳು ಸ್ಥಾನ ತಪ್ಪಿತ್ತು. ನನ್ನ ಕಾಕಾನ ಹೆಂಡತಿ ಚಿಗವ್ವ ಕೋರಿದ್ದ ಹಾಡನ್ನು ಸಮುದ್ರದಾಚೆಯ ಹಿಂದಿ ಕೇಂದ್ರವೊಂದು ಅಂದೇ ಪ್ರಸಾರ ಮಾಡುವುದಿತ್ತು. ಆ ಕೇಂದ್ರದ ಅಂಕಿಗೆ ಮುಳ್ಳನ್ನು ತಂದರೆ ಬರೀ ಗೊರಗೊರ ಸದ್ದು.

"ವೈನಿ, ನಿಮ್ಮ ಹಾಡು ದಾರಿ ತಪ್ಪಿ ಲೋಂಡಾ ಟೇಶನ್‌ದಾಗ ಇಳದೈತಿ ನೋಡ್ರಿ," ಎಂದು ಅವಳ ಮೈದುನ, ನನ್ನ ಸಣ್ಣ ಕಾಕಾ, ನಕ್ಕ.

"ನಗು ನಗು. ಮದಲ ದಿಲ್ಲಿ ಹಿಡಿಯೂಣು," ಎಂದಳು ಚಿಗವ್ವ.

ದಿಲ್ಲಿಯವರು ತಮ್ಮ ಅಂಕಿಯನ್ನು ತಾವೇ ಹೇಳುತ್ತಿದ್ದರು. ಅವರ ಸುದ್ದಿ ಸ್ಪಷ್ಟವಾಗಿ ಕೇಳಿದಾಗ ಮುಳ್ಳು ನಿಂತಿದ್ದ ಕಡೆ ಅವಳು ಗಾಜಿನ ಮೇಲೆ ವಿಭೂತಿಯಿಂದ ಗೆರೆ ಎಳೆದಳು. ಆ ಗೆರೆಗೂ ದಿಲ್ಲಿಯ ನಿಜವಾದ ಅಂಕಿಗೂ ಇದ್ದ ಅಂತರದಷ್ಟೇ ಉದ್ದಕ್ಕೆ ಕಸಬರಿಗೆಯ ಕಡ್ಡಿಯೊಂದನ್ನು ಮುರಿದಳು. ಅದನ್ನು ತನ್ನ ಕೇಂದ್ರದ ಅಂಕಿಗೆ ತಾಗಿಸಿ ಹಿಡಿದು, ದಿಲ್ಲಿಯ ಗೆರೆ ಸರಿದಿದ್ದ ದಿಕ್ಕಿಗೇ ಕಡ್ಡಿಯ ಇನ್ನೊಂದು ತುದಿಯವರೆಗೆ ಮುಳ್ಳನ್ನು ಮೆಲ್ಲಗೆ ಸರಿಸಿದಳು. ಹಿಂದಿಯ ಧ್ವನಿಯೊಂದು ತಿಳಿಯಾಗಿ ಹೊಮ್ಮಿತು: "ಖಾನಾಪುರ್ ಸೇ ನೀಲಾಂಬಿಕಾ..."

ಕಾಕಾ ನಗು ನಿಲ್ಲಿಸಿ ನೆಟ್ಟಗೆ ಕುಳಿತ. ಆ ಹೆಸರಿನಿಂದ ಮನೆಯಲ್ಲಿ ಯಾರೂ ಯಾರನ್ನೂ ಕರೆದದ್ದನ್ನು ನಾನು ಕೇಳಿರಲಿಲ್ಲ.

"ನೀಲಾಂಬಿಕಾ ಅಂದ್ರ ಯಾರು, ಚಿಗವ್ವಾ?"

"ನಾನ, ಬಾಳಾ. ಸುಮ್ನ ಕುಂಡ್ರು. ಹಾಡು ಮುಗದ ಮ್ಯಾಲ ಹೆಸರು ಮತ್ತೊಮ್ಮಿ ಹೇಳ್ತಾರ."