ಅಳತೆಯ ನೀರು

"ಇದಕ್ಕೆ ತೂತೇ ಇಲ್ವಲ್ಲ ಗೌಡ್ರೆ," ಎಂದು ಸೈಕಲ್ ಶಾಪಿನ ಯೋಗೇಂದ್ರ ತಲೆ ಕೆರೆದುಕೊಂಡ. ಕಮ್ಮರಡಿಯ ಅವನ ಅಂಗಡಿ ಮುಂದೆ ವಾಸಪ್ಪನ ಹಳೇ ರ‍್ಯಾಲಿ ಸೈಕಲ್ಲು ನಿಂತಿತ್ತು. "ಈಗಿನ ಸೈಕಲ್ಲಾದ್ರೆ ಬಾಟ್ಲಿ ಸ್ಟ್ಯಾಂಡಿಗೆ ಅಂತ ಕಂಪನಿಯವ್ರೇ ಪೈಪಲ್ಲಿ ತೂತು ಬಿಟ್ಟಿರ್ತಾರೆ. ಡ್ರಿಲ್ ಹೊಡೆದುಬಿಡ್ಲಾ?"

"ಅಪ್ಪಯ್ಯನ ಸೈಕಲ್ಲು ಮಾರಾಯ, ತೂತು ಹೊಡಿಬೇಡ. ಮಳೆ ನೀರು ಒಳಗಿಳಿದು ತುಕ್ಕು ಹಿಡಿದ್ರೆ ಪೈಪೇ ಮುರಿತದೆ," ಎಂದ ವಾಸಪ್ಪ.

ಯೋಗೇಂದ್ರ ಹಳೇ ಟ್ಯೂಬು ಕತ್ತರಿಸಿ ಪೈಪಿಗೆ ಸುತ್ತಿದ. ಅದರ ಮೇಲೆ ಪಂಪ್‌ಸೆಟ್ಟಿನ ಪೈಪಿಗೆ ಬಿಗಿಯುವ ಕ್ಲಿಪ್ಪು ಹಾಕಿ ಸ್ಟ್ಯಾಂಡು ಕೂರಿಸಿದ. ಬ್ರೇಕು ಹಿಡಿದು ನೋಡಿದರೆ ಬ್ರೇಕಿನ ಕಂಬಿ ಕ್ಲಿಪ್ಪಿನಡಿ ಸಿಕ್ಕಿಕೊಂಡು ಅಲ್ಲಾಡಲೊಲ್ಲದು. ಗೊಣಗುತ್ತಾ ಎಲ್ಲ ಬಿಚ್ಚಿ, ಸೀಟಿನ ಕೆಳಗಿನ ಪೈಪಿಗೆ ಮತ್ತೆ ಕಟ್ಟಿದ. ಈ ಸಲ ಸ್ಟ್ಯಾಂಡೂ ಜಾರಲಿಲ್ಲ, ಬಣ್ಣವೂ ಕಿತ್ತು ಬರಲಿಲ್ಲ. "ಅಲ್ಲ ಗೌಡ್ರೆ, ಹೋದ ಮನೇಲೆಲ್ಲ ಬೆಲ್ಲ ನೀರು ಕೊಡೋ ಊರಲ್ಲಿ ನಿಮಗೆಂತಕ್ಕೆ ಬಾಟ್ಲಿ? ರೇಸಿಗೆ ಹೊರಟ್ರಾ?" ಎಂದು ನಕ್ಕ. ವಾಸಪ್ಪನೂ ನಕ್ಕ ಹಾಗೆ ಮಾಡಿದ.

ಆ ಬೆಲ್ಲ ನೀರಿಗೇ ಅವನು ಹೆದರಿದ್ದ. ಅವನ ಎರಡೂ ಕಿಡ್ನಿ ಸೋಲುತ್ತಾ ಬಂದಿದ್ದವು. ಬೆಳಿಗ್ಗೆ ತುಂಬಿದ ಒಂದು ಬಾಟ್ಲಿ ರಾತ್ರಿ ಮಲಗುವ ತನಕ, ಕಾಫಿ ಮಜ್ಜಿಗೆಯೂ ಅದರ ಲೆಕ್ಕಕ್ಕೇ ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಮೀರಿದರೆ ಎದೆಗೆ ನೀರು ತುಂಬಿ ಉಸಿರು ಕಟ್ಟುತ್ತದೆ. ಹೋದ ತಿಂಗಳು ಹಾಗಾಗಿಯೇ ಆಸ್ಪತ್ರೆ ಸೇರಿದ್ದ; ಊರಿಗೆ ಮಾತ್ರ ನೆಂಟರ ಮನೆಗೆ ಹೋಗಿದ್ದೆ ಎಂದಿದ್ದ. ಬಾಟ್ಲಿಯನ್ನು ಚೀಲದಲ್ಲಿಟ್ಟರೆ ಕುಲುಕಿ ಚೆಲ್ಲುತ್ತಿತ್ತು, ಕುಡಿದದ್ದೆಷ್ಟು ಚೆಲ್ಲಿದ್ದೆಷ್ಟು ತಿಳಿಯುತ್ತಿರಲಿಲ್ಲ. ಅದಕ್ಕೇ ಈ ಸ್ಟ್ಯಾಂಡು. ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಸುಬ್ಬಮ್ಮನಿಗೆ ಮಾತ್ರ. ಮಗಳು ಭವ್ಯಳ ಮದುವೆ ಮಾತು ಇನ್ನೂ ತೂಗಾಡುತ್ತಿತ್ತು. ಅಪ್ಪನಿಗೆ ಇಂಥ ಕಾಯಿಲೆಯಂತೆ, ನಾಳೆ ಮಗಳಿಗೂ ಬಂದೀತು ಎಂದು ಯಾರೋ ಒಬ್ಬರು ಉಸುರಿದರೆ ಸಾಕು, ಸಂಬಂಧ ಮುರಿದ ಹಾಗೇ. ಬಾಯಿ ಬಿಡುವುದಿಲ್ಲ ಎಂದು ಸುಬ್ಬಮ್ಮ ಗಂಡನಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದಳು.

ಅಂಗಡಿಯಿಂದ ವಾಸಪ್ಪ ನೇರ ಸೀತಕ್ಕನ ಮನೆಗೆ ಹೋದ. ಗದ್ದೆ ಕೊಯ್ಲಿಗೆ ಆಳು ಕರೆಯಬೇಕಿತ್ತು. ಊರಿಗೆ ಮೊಬೈಲು ಬಂದಿದ್ದರೂ ಮನೆ ಬಾಗಿಲಿಗೆ ಹೋಗಿ ಕರೆಯುವ ಮರ್ಯಾದೆ ಇನ್ನೂ ಹೋಗಿರಲಿಲ್ಲ. ಸೀತಕ್ಕ ಅವನ ಗದ್ದೆಯಲ್ಲಿ ದುಡಿದೇ ತಲೆ ನರೆತವಳು. ಜಗಲಿಯಲ್ಲಿ ಚಾಪೆ ಹಾಸಿ, ಚೊಂಬಿನ ತುಂಬ ನೀರು, ಜೊತೆಗೊಂದು ಚೂರು ಬೆಲ್ಲ ತಂದಿಟ್ಟಳು.

"ಬೇಡ ಸೀತಕ್ಕ, ನೀರು ತಂದಿದೀನಿ," ಎಂದು ವಾಸಪ್ಪ ಸೈಕಲ್ಲಿನತ್ತ ಕೈ ತೋರಿಸಿದ.

ಸೀತಕ್ಕ ಹೊಸ ಸ್ಟ್ಯಾಂಡನ್ನು ನೋಡಿದಳು, ಬಾಟ್ಲಿಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು.

"ನಿಮ್ಮ ಅಪ್ಪಯ್ಯನೂ ಇದೇ ಸೈಕಲ್ಲಲ್ಲಿ ಬರೋರು. ಅಂಗಳದಲ್ಲೇ ನಿಂತು ಕೂಗಿ ಹೋಗೋರು, ನಮ್ಮನೆ ನೀರು ಮುಟ್ಟಿದವ್ರಲ್ಲ. ನೀವು ಮೀಸೆ ಚಿಗುರೋ ವಯಸ್ಸಲ್ಲಿ ಬಂದು, ಬಾಯಾರ್ತದೆ ಸೀತಕ್ಕ ನೀರು ಕೊಡು ಅಂದ್ರಿ. ಕೊಡೋದೋ ಬೇಡ್ವೋ ಅಂತ ನಾನೇ ಹೆದರಿದ್ದೆ. ಅದನ್ನ ಎಷ್ಟು ಜನರ ಹತ್ರ ಹೇಳ್ಕಂಡಿದೀನೋ." ಅವಳು ಚೊಂಬನ್ನು ತನ್ನತ್ತ ಎಳೆದುಕೊಂಡಳು. "ಈಗ ಮಗಳ ಮದುವೆ ಮಾತು ನಡೀತಿದೆಯಂತೆ. ದೊಡ್ಡ ಮನೆ ನೆಂಟ್ರು. ನೀವು ನಮ್ಮನೇಲಿ ನೀರು ಕುಡೀತೀರಿ ಅಂತ ಗೊತ್ತಾದ್ರೆ ಅವ್ರಿಗೆ ಸರಿ ಹೋಗ್ಲಿಕ್ಕಿಲ್ಲ, ಅಲ್ವಾ? ಇರ್ಲಿ ಬಿಡಿ."

ಕಾಯಿಲೆ ಎಂದು ವಾಸಪ್ಪ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸೀತಕ್ಕ ಊರಿನ ನಾಲ್ಕು ಮನೆಗೆ ಕೆಲಸಕ್ಕೆ ಹೋಗುವವಳು. ಅಯ್ಯೋ ಪಾಪ ಎಂದು ಕನಿಕರದಿಂದಲೇ ಆಡಿದರೂ ಮಾತು ಗಂಡಿನ ಮನೆ ಮುಟ್ಟದೆ ಇರದು. ಸುಮ್ಮನಿದ್ದರೋ, ಇವಳು ಸಾಯುವ ತನಕ ತನ್ನನ್ನು ಅಪ್ಪಯ್ಯನ ಸಾಲಿಗೇ ಸೇರಿಸುತ್ತಾಳೆ. ಅದನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ.

"ಎಂತ ಮಾತು ಆಡ್ತೀಯ ಸೀತಕ್ಕ," ಎನ್ನುತ್ತಾ ಎದ್ದು ಹೋಗಿ ಬಾಟ್ಲಿ ಕಿತ್ತು ತಂದ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ರಾತ್ರಿಯ ಊಟಕ್ಕೆ, ಮಾತ್ರೆಗೆ ಎಲ್ಲದಕ್ಕೂ ಅದೇ. ಅಷ್ಟನ್ನೂ ಅಂಗಳದಂಚಿನ ಬಸಳೆ ಬುಡಕ್ಕೆ ಸುರಿದುಬಿಟ್ಟ. "ಬಿಸಿಲಿಗೆ ಕಾದು ಪ್ಲಾಸ್ಟಿಕ್ ವಾಸನೆ ಹೊಡೀತದೆ. ತಾ ಇಲ್ಲಿ ನಿನ್ನ ನೀರು."

ಬೆಲ್ಲ ಕಚ್ಚಿ ಚೊಂಬೆತ್ತಿದ. ಚೆಲ್ಲಿದಷ್ಟೇ ಕುಡಿದು ನಿಲ್ಲಿಸಬೇಕು ಎಂದುಕೊಂಡಿದ್ದ. ಆದರೆ ಬಾವಿಯ ತಣ್ಣನೆ ನೀರು ಗಂಟಲಿಗೆ ಇಳಿದದ್ದೇ ತಡ, ಇಷ್ಟು ದಿನ ಗುಟುಕು ಗುಟುಕಾಗಿ ಸಮಾಧಾನ ಮಾಡಿಟ್ಟಿದ್ದ ಬಾಯಾರಿಕೆ ಅವನ ಮಾತು ಕೇಳಲಿಲ್ಲ. ಕೆಳಗಿಡುವಾಗ ಚೊಂಬು ಬರಿದಾಗಿತ್ತು.

ಸೀತಕ್ಕನ ಕಣ್ಣು ತುಂಬಿ ಬಂತು. "ಅಯ್ಯೋ ನನ್ನಪ್ಪ, ಇಷ್ಟು ಬಾಯಾರಿಕೆ ಇಟ್ಕಂಡು ಬೇಡ ಅಂದ್ರಲ್ಲ! ತಡೀರಿ, ಇನ್ನೊಂದು ಚೊಂಬು ತರ್ತೀನಿ," ಎಂದವಳೇ, ಅವನು ಬಾಯಿ ತೆರೆಯುವ ಮೊದಲೇ ಒಳಗೆ ಓಡಿದಳು.