ಅರಸೀಕೆರೆಯಲ್ಲಿ ಬೀಳದ ಕಲ್ಲು

ಹಳೇಬೀಡಿನಲ್ಲಿ ಕಲ್ಲು ಬಿತ್ತು. ಅರಸೀಕೆರೆಯಲ್ಲಿ ಬೀಳಲಿಲ್ಲ.

"ಮೂರು ಕಲ್ಲು ನೆಲ ಕಂಡವೆ ಕಣೇ ಶಾಂತಾ!" ಎಂದು ಕೆಂಪಲಕ್ಷ್ಮಮ್ಮ ಫೋನನ್ನು ಬಾಯಿಗೆ ಹಿಡಿದು ಕೂಗಿದರು. ಅರಸೀಕೆರೆಯಿಂದ ಶಾಂತಾದೇವಿಯ ದನಿ ಅದಕ್ಕಿಂತ ಜೋರಾಗಿ ಬಂತು. "ಎಲ್ಲಿ ಬಿದ್ದವೇ? ನನ್ನ ಫೋನಲ್ಲಿ ಏಳಕ್ಕೇಳೂ ನಿಂತವೆ. ಹುಲಿಕೆರೇಲಿ ಲಂಗ ಹಾಕ್ಕೊಂಡು ಆಡುವಾಗ್ಲೂ ಹಿಂಗೇ ಮಾಡ್ತಿದ್ದೆ ನೀನು!" ಅರವತ್ತು ದಾಟಿದ, ಮಂಡಿ ಮಡಚಲಾಗದ ಇಬ್ಬರು ಗೆಳತಿಯರು ಫೋನಿನಲ್ಲಿ ಲಗೋರಿ ಆಡುತ್ತಿದ್ದರು.

ಆಟ ಮಾಡಿದವಳು ಕೆಂಪಲಕ್ಷ್ಮಮ್ಮನ ಅಣ್ಣನ ಮಗಳು ಲಾವಣ್ಯ. ಹಳೇಬೀಡು ಬಸ್ ನಿಲ್ದಾಣದ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂರು ವರ್ಷ ಒಬ್ಬಳೇ ಕೂತು ಮಾಡಿದ್ದಳು. ಇವತ್ತು ಬೆಂಗಳೂರಿನ ಕಂಪನಿಯಿಂದ ಚೈತನ್ಯ ಎಂಬಾತ ಕರಾರುಪತ್ರ ಹಿಡಿದು ಬಂದಿದ್ದ. ಸಹಿ ಬಿದ್ದರೆ ಆಟ ಲಕ್ಷಾಂತರ ಜನರ ಕೈಗೆ ಹೋಗುತ್ತದೆ. ಇಲ್ಲದಿದ್ದರೆ ಈ ಕೋಣೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

"ನೋಡಿದ್ರಾ? ಇದಕ್ಕೇ ಇಂಥ ಆಟಕ್ಕೆ ಯಾರೂ ಕೈ ಹಾಕಲ್ಲ" ಎಂದ ಚೈತನ್ಯ. "ಇಸ್ಪೀಟಾದ್ರೆ ಒಬ್ಬರು ಎಲೆ ಹಾಕೋವರೆಗೆ ಇನ್ನೊಬ್ಬರು ಕಾಯ್ತಾರೆ, ನೆಟ್‌ವರ್ಕ್ ತಡ ಆದ್ರೂ ನಡೆಯುತ್ತೆ. ಇಲ್ಲಿ ಚೆಂಡು ಕಾಯಲ್ಲ, ಕಲ್ಲೂ ಕಾಯಲ್ಲ. ಇಲ್ಲಿನ ಸುದ್ದಿ ಅರಸೀಕೆರೆ ಮುಟ್ಟೋಷ್ಟರಲ್ಲಿ ಅಲ್ಲಿ ಇನ್ನೇನೋ ನಡೆದುಹೋಗಿರುತ್ತೆ. ಒಂದು ಕಲ್ಲು ಕೂದಲೆಳೆಯಷ್ಟು ಜರುಗಿದ್ರೆ ಎರಡು ಫೋನಲ್ಲಿ ಎರಡು ಆಟ."

"ಗೊತ್ತು. ಮೂರು ವರ್ಷದಿಂದ ಅದರ ಜೊತೇಲೇ ಬಡಿದಾಡ್ತಿದೀನಿ" ಎಂದಳು ಲಾವಣ್ಯ. ತನ್ನ ಹುಣ್ಣನ್ನು ತನಗೇ ತೋರಿಸಿ ಪಾಠ ಹೇಳುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

"ಬಡಿದಾಟ ಬೇಕಾಗಿಲ್ಲ. ನೀವು ಕಳಿಸಿದ ಆಟಾನೇ ನಮ್ಮವರು ಸರಿ ಮಾಡಿದ್ದಾರೆ. ನೋಡಿ" ಎಂದು ಅವನು ತನ್ನ ಫೋನನ್ನು ಕೆಂಪಲಕ್ಷ್ಮಮ್ಮನ ಕೈಗಿತ್ತ. ಅದರಲ್ಲಿ ಎದುರಾಳಿಯಾಗಿ 'ಲಲಿತಮ್ಮ, ಮಾಲೇಕಲ್ಲು' ಎಂಬ ಹೆಸರು, ಕುಂಕುಮವಿಟ್ಟ ಮುಖದ ಫೋಟೋ. ಚೆಂಡು ಎಲ್ಲೂ ತಡೆಯಲಿಲ್ಲ, ಕಲ್ಲುಗಳು ಬಿದ್ದಲ್ಲೇ ಬಿದ್ದವು. ಕೆಂಪಲಕ್ಷ್ಮಮ್ಮ ಎರಡಾಟ ಗೆದ್ದು ಕುರ್ಚಿಯಲ್ಲೇ ಕುಣಿದರು. ಲಾವಣ್ಯ ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡಿದಳು. ತನ್ನ ಆಟ ಒಂದು ದಿನವೂ ಇಷ್ಟು ಸಲೀಸಾಗಿ ಓಡಿರಲಿಲ್ಲ.

ಹುಲಿಕೆರೆಯ ಲಗೋರಿಗೆ ಅಂಪೈರ್ ಇಲ್ಲ. ಏಳು ಕಲ್ಲು ಪೇರಿಸಿ 'ಲಗೋರಿ' ಎಂದು ಕೂಗಬೇಕು. ಐದೇ ಪೇರಿಸಿ ಕೂಗಿದರೂ, ಎದುರಿನವರು ಆ ಮೋಸ ಹಿಡಿಯದಿದ್ದರೆ ಗೆದ್ದ ಹಾಗೆಯೇ. ಲಾವಣ್ಯ ಈ ಪದ್ಧತಿಯನ್ನೂ ಆಟದೊಳಗೆ ಇಟ್ಟಿದ್ದಳು, ಕಂಪನಿಯವರು ಅದಕ್ಕೆ ಕೈ ಹಚ್ಚಿರಲಿಲ್ಲ. ಮೂರನೇ ಆಟದಲ್ಲಿ ಕೆಂಪಲಕ್ಷ್ಮಮ್ಮ ಐದು ಕಲ್ಲಿಗೇ ಕೂಗಿದರು. 'ಸೂಪರ್! ಚೆನ್ನಾಗಿ ಆಡಿದಿರಿ' ಎಂದು ಲಲಿತಮ್ಮನಿಂದ ಉತ್ತರ ಬಂತು. ಮುಂದಿನ ಆಟದಲ್ಲಿ ಮೂರಕ್ಕೇ ಕೂಗಿದರು. ಅದೇ 'ಸೂಪರ್'. ಅದರ ಮುಂದಿನದರಲ್ಲಿ ಒಂದೇ ಕಲ್ಲಿಟ್ಟು ಕೂಗಿ, ಅದಕ್ಕೂ 'ಸೂಪರ್' ಬಂದಾಗ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಈ ಲಲಿತಮ್ಮ ಯಾರ ಮನೆಯೋಳಪ್ಪ? ಒಂದು ಕಲ್ಲಿಗೆ ಲಗೋರಿ ಅಂದ್ರೂ ಬಾಯಿ ಬಿಡಲ್ವಲ್ಲ. ಮಾಲೇಕಲ್ಲು ಕಡೆ ಹೆಂಗಸ್ರು ಇಷ್ಟೊಂದು ಸಾಧು ಇಲ್ಲ."

ಚೈತನ್ಯ ನಕ್ಕ. "ಲಲಿತಮ್ಮ ಅಂತ ಯಾರೂ ಇಲ್ಲಮ್ಮ. ಫೋನೇ ಆಡೋದು, ಹೆಸರು ಮಾತ್ರ ನಾವು ಕೊಟ್ಟಿದ್ದು. ಎದುರಿಗೆ ಇನ್ನೊಂದು ಫೋನೇ ಇಲ್ಲ ಅಂದ್ಮೇಲೆ ತಕರಾರೂ ಇಲ್ಲ. ಜನಕ್ಕೆ ಗೆಲ್ಲೋದು ಇಷ್ಟ, ಅದಕ್ಕೇ ಅದು ಸೋಲುತ್ತೆ."

"ಎದುರಿಗೆ ಯಾರೂ ಇಲ್ಲ ಅಂತ ಆಡೋರಿಗೆ ಹೇಳ್ತೀರಾ?" ಎಂದು ಲಾವಣ್ಯ ಕೇಳಿದಳು.

"ಹೇಳಿದ್ರೆ ಯಾರು ಆಡ್ತಾರೆ?"

ಕೆಂಪಲಕ್ಷ್ಮಮ್ಮನ ಮುಖ ಸಣ್ಣದಾಯಿತು. "ಅಂದ್ರೆ ಇಷ್ಟೊತ್ತು ನಾನೊಬ್ಳೇ ಕುಣೀತಿದ್ನಾ?" ಎಂದರು. ಆ ಮುಖ ನೋಡಿದ ಮೇಲೆ ಲಾವಣ್ಯಳಿಗೆ ಯೋಚಿಸುವುದು ಏನೂ ಉಳಿಯಲಿಲ್ಲ. ಕರಾರುಪತ್ರವನ್ನು ಅವನತ್ತ ತಳ್ಳಿದಳು.

"ನನ್ನ ಆಟ ಕುಂಟುತ್ತೆ, ಒಪ್ಕೋತೀನಿ. ಆದ್ರೆ ಬಿತ್ತು ಅನ್ನೋರೂ ಮನುಷ್ಯರು, ಬಿದ್ದಿಲ್ಲ ಅನ್ನೋರೂ ಮನುಷ್ಯರು. ಎರಡು ಫೋನ್ ಒಪ್ಪದೇ ಇದ್ದಾಗ ಆಟ ನಿಲ್ಲಿಸಿ, ಎರಡು ಚಿತ್ರಾನೂ ಇಬ್ಬರಿಗೂ ತೋರಿಸ್ತೀನಿ. ಜಗಳ ಆಡಿ ಅವರೇ ತೀರ್ಮಾನ ಮಾಡ್ಕೊಳ್ಳಲಿ."

"ಜಗಳ ಆಡೋಕೆ ಅಂತ ಯಾರಾದ್ರೂ ಆಟ ಹಾಕ್ಕೋತಾರಾ ಮೇಡಂ? ಇನ್ನೂ ಹತ್ತು ವರ್ಷ ಇದೇ ಕೋಣೇಲಿ ಕೂತಿರ್ತೀರಿ."

"ಕೂತಿರ್ತೀನಿ. ಯಾರದೋ ಹೆಸರಿಟ್ಟು ನಮ್ಮ ಜನಕ್ಕೆ ಮಂಕುಬೂದಿ ಎರಚೋ ಕೆಲಸಕ್ಕೆ ಮಾತ್ರ ನನ್ನ ಸಹಿ ಇಲ್ಲ."

ಚೈತನ್ಯ ಕಾಗದ ಮಡಚಿ ಚೀಲಕ್ಕೆ ಹಾಕಿದ. ಹಾಸನದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. "ಸುಮ್ನೆ ಬಿಸಿಲಲ್ಲಿ ಯಾಕೆ ನಿಲ್ತೀಯಪ್ಪ? ಕೂತ್ಕೊ, ಒಂದಾಟ ಆಡು" ಎಂದರು ಕೆಂಪಲಕ್ಷ್ಮಮ್ಮ. ಲಾವಣ್ಯ ಅವನ ಫೋನು ತೆಗೆದುಕೊಂಡು ತನ್ನ ಆಟವನ್ನು ಅದಕ್ಕೆ ಹಾಕಿಕೊಟ್ಟಳು. ಬೇಡವೆನ್ನಲು ಸಂಕೋಚವಾಗಿ ಅವನು ಒಲ್ಲದ ಮನಸ್ಸಿನಿಂದಲೇ ಕುಳಿತ. ಚೆಂಡು ತಡವರಿಸಿತು, ಒಂದು ಕಲ್ಲು ಗಾಳಿಯಲ್ಲೇ ನಿಂತು ಆಮೇಲೆ ಬಿತ್ತು. ಅವನು ಒಂದು ಕಣ್ಣು ಗಡಿಯಾರದ ಮೇಲಿಟ್ಟೇ ಆಡುತ್ತಿದ್ದ. ಕೆಂಪಲಕ್ಷ್ಮಮ್ಮ ಆರು ಕಲ್ಲು ಪೇರಿಸಿ "ಲಗೋರಿ!" ಎಂದು ಕೂಗಿದರು.

ಚೈತನ್ಯ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ. "ಏ, ಆರೇ ಇರೋದು! ಮೋಸ! ಆಗಲ್ಲ, ಆಗಲ್ಲ, ಇನ್ನೊಂದು ಸಲ ಆಡ್ಬೇಕು!"

"ಹಾಂ" ಎಂದರು ಕೆಂಪಲಕ್ಷ್ಮಮ್ಮ, "ಈಗ ಬಂದೆ ನೋಡು ಆಟಕ್ಕೆ."